ಕಾಶಿಯ ಚಳಿಯಲ್ಲಿ ಕನಕಾಂಬರ
(ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತು)



ಕಾಶಿಯಲ್ಲಿ ಹೂವಿಗೆ ಬರವಿಲ್ಲ. ಬೆಳಿಗ್ಗೆ ಬಾಂಸ್‌ಫಾಟಕ್‌ನ ಹೂವಿನ ಮಂಡಿಗೆ ಹೋದರೆ ಚೆಂಡುಹೂವಿನ ರಾಶಿ, ವಿಶ್ವನಾಥನಿಗೆ ಎಕ್ಕದ ಹೂವಿನ ಮಾಲೆ, ಬೇಸಿಗೆಯಲ್ಲಿ ಬೇಲಾ, ಅಂದರೆ ನಮ್ಮ ದುಂಡುಮಲ್ಲಿಗೆ. ಆದರೆ ಮಲ್ಲಿಗೆಯ ಜೊತೆ ಸೇರಿಸಿ ಕಟ್ಟಲು ಕನಕಾಂಬರ ಬೇಕೆಂದರೆ ನನಗೆ ಯಾವ ಅಂಗಡಿಯಲ್ಲೂ ಸಿಕ್ಕಿಲ್ಲ. ಕರಾವಳಿಯವರು ಅಬ್ಬಲಿಗೆ ಅನ್ನುತ್ತೀರಲ್ಲ, ಅದೇ ಹೂವು. ಪರಿಮಳವಿಲ್ಲ, ಆದರೆ ದಂಡೆ ಹಗುರ, ಬೇಗ ಬಾಡುವುದಿಲ್ಲ.

ಏಳು ವರ್ಷದ ಹಿಂದೆ ಅಮ್ಮ ತುಮಕೂರಿನ ಹಿತ್ತಲಿನಿಂದ ನಾಲ್ಕು ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ರೈಲಿನಲ್ಲಿ ತಂದರು. ಒಂದನ್ನು ಹನುಮಾನ್ ಘಾಟ್ ಹತ್ತಿರದ ಒಬ್ಬ ತಮಿಳು ಅಕ್ಕನಿಗೆ ಕೊಟ್ಟುಬಿಟ್ಟರು. "ಇರೋದೇ ನಾಲ್ಕು, ಅದರಲ್ಲೂ ದಾನವಾ?" ಎಂದು ನಾನು ರೇಗಿದ್ದೆ. ಉಳಿದ ಮೂರರಲ್ಲಿ ಎರಡು ಚಿಗುರಿದವು. ಜನವರಿಯಲ್ಲಿ ಎಲೆ ಜೋತುಬಿದ್ದಾಗ ನೀರು ಸಾಲದೇನೋ ಎಂದು ದಿನಾ ಹಾಕಿದೆ. ಎರಡೂ ಬೇರು ಕೊಳೆತು ಸತ್ತವು. "ಕಾಶಿ ಮಣ್ಣಿಗೆ ಇದು ಬರಲ್ಲ" ಎಂದು ಹೇಳಿಕೊಂಡು ತಿರುಗಿದೆ.

ತಪ್ಪು ಮಣ್ಣಿನದಲ್ಲ. ಇದು ದಕ್ಷಿಣ ಭಾರತ, ಶ್ರೀಲಂಕಾದ ಗಿಡ. ರಾತ್ರಿಯ ಉಷ್ಣತೆ 10 ಡಿಗ್ರಿಗಿಂತ ಇಳಿದರೆ ಬೆಳವಣಿಗೆ ನಿಲ್ಲುತ್ತದೆ. ಆಗ ಬೇರು ನೀರು ಎಳೆಯುವುದೂ ಕಡಿಮೆ. ಹಾಕಿದ ನೀರು ಕುಂಡದಲ್ಲೇ ನಿಲ್ಲುತ್ತದೆ. ಈಗ ನಾನು ಮಾಡುವುದು ಹೀಗೆ.

ಕಡ್ಡಿ ನೆಡುವುದು ಮಳೆಗಾಲದಲ್ಲಿ. ಎರಡು ಮೂರು ಗೆಣ್ಣಿರುವ, 4 ಇಂಚಿನ ಕಡ್ಡಿ ಸಾಕು. ನೆರಳಿನಲ್ಲಿಟ್ಟರೆ ಮೂರು ನಾಲ್ಕು ವಾರದಲ್ಲಿ ಬೇರು ಬರುತ್ತದೆ. 10 ಇಂಚಿನ ಕುಂಡಕ್ಕೆ ಎರಡು ಪಾಲು ಮಣ್ಣು, ಒಂದು ಪಾಲು ಎಲೆಗೊಬ್ಬರ, ಒಂದು ಪಾಲು ಮರಳು, ಒಂದು ಹಿಡಿ ಬೇವಿನ ಹಿಂಡಿ. ಬೇರಿಗೆ ಗಂಟು ಕಟ್ಟಿಸುವ ಜಂತುಹುಳು ಕನಕಾಂಬರದ ದೊಡ್ಡ ಶತ್ರು, ಹಿಂಡಿ ಅದಕ್ಕಾಗಿ. ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಕರಗಿಸಿ ಸಿಂಪಡಿಸಿ. ಮೇ, ಜೂನ್‌ನ ಲೂ ಬೀಸುವಾಗ ಮಧ್ಯಾಹ್ನದ ಬಿಸಿಲು ತಪ್ಪಿಸಿ.

ಹೂವು ತೆನೆಯ ಕೆಳಗಿನಿಂದ ಮೇಲಕ್ಕೆ ಅರಳುತ್ತಾ ಹೋಗುತ್ತದೆ. ದಿನ ಬಿಟ್ಟು ದಿನ ಬಿಡಿಸಿ. ತೆನೆ ಮುಗಿದ ಮೇಲೆ ಕತ್ತರಿಸಿದರೆ ಹೊಸದು ಬೇಗ ಬರುತ್ತದೆ.

ನವೆಂಬರ್ ಕೊನೆಗೆ ಕುಂಡವನ್ನು ತಾರಸಿಯಿಂದ ಇಳಿಸಿ ಬಿಸಿಲು ಬೀಳುವ ಕಿಟಕಿಯ ಒಳಗಿಡುತ್ತೇನೆ. ಬೆರಳು ಚುಚ್ಚಿ ನೋಡಿ, ಒಂದು ಇಂಚು ಒಣಗಿದ್ದರೆ ಮಾತ್ರ ನೀರು, ಅದೂ ಹಗಲಲ್ಲಿ. ಗೊಬ್ಬರವಿಲ್ಲ, ಕತ್ತರಿಯಿಲ್ಲ. ಎಲೆ ಸ್ವಲ್ಪ ಉದುರಿದರೆ ಗಾಬರಿ ಬೇಡ. ಫೆಬ್ರವರಿ ಮಧ್ಯದಲ್ಲಿ ಚಳಿ ಮುರಿದ ಮೇಲೆ ಮೂರನೇ ಒಂದು ಭಾಗ ಸವರಿ ಗೊಬ್ಬರ ಕೊಟ್ಟರೆ ಚಿಗುರುತ್ತದೆ.

ಇನ್ನೊಂದು ಮಾತು. ಅಮ್ಮ ತಂದದ್ದು ಡೆಲ್ಲಿ ಕನಕಾಂಬರ. ಹೆಸರು ಡೆಲ್ಲಿಯದಾದರೂ ಅದಕ್ಕೂ ಚಳಿ ಆಗದು. ಬೇರೆ ಕನಕಾಂಬರದ ಒಣಗಿದ ಕಾಯಿ ನೀರು ತಾಗಿದರೆ ಪಟ್ಟನೆ ಸಿಡಿದು ಬೀಜ ಹಾರುತ್ತದೆ. ಡೆಲ್ಲಿ ಕನಕಾಂಬರ ಬೀಜವನ್ನೇ ಕಟ್ಟುವುದಿಲ್ಲ. ಅದರ ಜೀವಕೋಶದಲ್ಲಿ ವರ್ಣತಂತುಗಳ ಎರಡು ಗುಂಪಿನ ಬದಲು ಮೂರು ಗುಂಪು ಇರುವುದೇ ಕಾರಣ. ಹಾಗಾಗಿ ಇವತ್ತಿರುವ ಒಂದೊಂದು ಗಿಡವೂ ಯಾರೋ ಯಾರಿಗೋ ಕೊಟ್ಟ ಕಡ್ಡಿ.

ನನ್ನ ಗಿಡ ಸತ್ತ ವರ್ಷವೇ ತುಮಕೂರಿನ ಮನೆ ಮಾರಾಟವಾಯಿತು. ಹಿತ್ತಲಿನ ತಾಯಿಗಿಡ ಹೋಯಿತು. ಅದರ ಮುಂದಿನ ವರ್ಷ ಅಮ್ಮನೂ ಹೋದರು. ಆಮೇಲೊಂದು ದಿನ ಹನುಮಾನ್ ಘಾಟ್‌ನಲ್ಲಿ ಆ ತಮಿಳು ಅಕ್ಕ ಸಿಕ್ಕರು. ಮುಡಿಯಲ್ಲಿ ಕನಕಾಂಬರ! ಅವರ ಮನೆಯ ಜಗಲಿಯಲ್ಲಿ ಅಮ್ಮನ ಕಡ್ಡಿ ಪೊದೆಯಾಗಿತ್ತು. ನನ್ನ ಸಾಫ್ಟ್‌ವೇರ್ ಕೆಲಸದಲ್ಲಿ ಬ್ಯಾಕಪ್ ಇಲ್ಲದೆ ಏನೂ ಮಾಡಬಾರದು ಎಂದು ಕಿರಿಯರಿಗೆ ಪಾಠ ಹೇಳುವವಳು ನಾನು. ಅದನ್ನು ಅಮ್ಮ ಸುಮ್ಮನೆ ಮಾಡಿ ಹೋಗಿದ್ದರು.

ಅವರು ಕೊಟ್ಟ ಕಡ್ಡಿಯಿಂದ ಬಂದ ಐದು ಕುಂಡ ಈಗ ನನ್ನಲ್ಲಿವೆ. ಮಳೆ ಹಿಡಿದ ಕೂಡಲೇ ಬೇಕಾದವರು ಬಂದು ಕಡ್ಡಿ ತೆಗೆದುಕೊಂಡು ಹೋಗಿ. ನಿಮ್ಮದು ಚಿಗುರಿದ ಮೇಲೆ ಇನ್ನೊಬ್ಬರಿಗೆ ಒಂದು ಕೊಡಿ, ಅಷ್ಟೇ.