ಕೊಳ್ಳೆಗಾರರು ಒಕ್ಕಲಾದ ಬಗೆ

ಸುಲಿಗೆಯಿಂದಲೇ ಬಾಳಿದ ಜನರು ತಾವು ಸುಲಿದವರ ನಡುವೆಯೇ ನೆಮ್ಮದಿಯಾಗಿ ನೆಲಸಬಲ್ಲರೇ? ಇಂಗ್ಲೆಂಡಿನ ಚರಿತ್ರೆಯು ಇದಕ್ಕೆ ಎರಡು ಉತ್ತರಗಳನ್ನು ಕೊಡುತ್ತದೆ.

878ರಲ್ಲಿ ಎಡಿಂಗ್ಟನ್ ಕದನದಲ್ಲಿ ಡೇನರನ್ನು ಸೋಲಿಸಿದ ಆಲ್‌ಫ್ರೆಡ್ ದೊರೆಯು ಅವರ ನಾಯಕನಾದ ಗುತ್ರಮನನ್ನು ಕೊಲ್ಲಿಸಲಿಲ್ಲ. ದೀಕ್ಷಾಸ್ನಾನ ಮಾಡಿಸಿ ಧರ್ಮಪುತ್ರನನ್ನಾಗಿ ಸ್ವೀಕರಿಸಿದನು. 880ರಲ್ಲಿ ಆ ದಂಡು ಈಸ್ಟ್ ಆಂಗ್ಲಿಯದ ನೆಲವನ್ನು ಹಂಚಿಕೊಂಡು ನೆಲಸಿತು. ಒಪ್ಪಂದವು ನಡುನಡುವೆ ಮುರಿದುದುಂಟು. ಆದರೂ ಬಿತ್ತಿದ ಹೊಲವುಳ್ಳವನಿಗೆ ನೆರೆಯವನ ಸ್ನೇಹವು ಬೇಕಾಗುತ್ತದೆ. ಇಂಗ್ಲಿಷಿನಲ್ಲಿ ಉಳಿದಿರುವ ‘ಲಾ’, ‘ಎಗ್’ ಎಂಬ ಮಾತುಗಳು ಆ ನೆರೆಹೊರೆಯ ಕುರುಹುಗಳು.

ಆದರೆ 1002ರಲ್ಲಿ, ಹೊಸ ದಾಳಿಗಳಿಗೆ ಬೆದರಿದ ಎಥೆಲ್‌ರೆಡ್ ದೊರೆಯು ನಾಡಿನಲ್ಲಿದ್ದ ಡೇನರನ್ನೆಲ್ಲ ಕೊಲ್ಲುವಂತೆ ಆಜ್ಞಾಪಿಸಿದನು. ಆಕ್ಸ್‌ಫರ್ಡಿನಲ್ಲಿ ಅವರು ಮರೆಹೊಕ್ಕ ಇಗರ್ಜಿಗೇ ಬೆಂಕಿಯಿಟ್ಟರು. 1013ರಲ್ಲಿ ಡೆನ್ಮಾರ್ಕಿನ ಅರಸನಾದ ಸ್ವೇನನು ದಂಡೆತ್ತಿ ಬಂದು ಎಥೆಲ್‌ರೆಡ್ಡನ ಸಿಂಹಾಸನವನ್ನೇ ಕಿತ್ತುಕೊಂಡನು.

ಕೊಳ್ಳೆಗಾರನು ಕತ್ತಿಯನ್ನು ಕೆಳಗಿಟ್ಟರೆ ಸಾಲದು. ನಾಡಿನವರೂ ಹಳೆಯ ಬಾಕಿಯನ್ನು ಅವನ ಮೊಮ್ಮಕ್ಕಳಿಂದ ವಸೂಲು ಮಾಡದಿರಬೇಕು.