ಜನಾಭಿಪ್ರಾಯವೂ ಅದರ ತೂಕವೂ



ಮಠದ ಮಹೋತ್ಸವದಲ್ಲಿ ಪಾಠಶಾಲೆಯ ಪಂಡಿತನೊಬ್ಬನು ರಾಜಕೀಯದ ಮಾತನ್ನೆತ್ತುವುದು ತಮಗೆ ವಿಚಿತ್ರವಾಗಿ ತೋರಬಹುದು. ಆದರೆ ಚುನಾವಣೆ ಸಮೀಪಿಸಿದಾಗಲೆಲ್ಲ ಭಕ್ತರು ನನ್ನ ಕೊಠಡಿಗೆ ಬಂದು, “ಪಂಡಿತರೇ, ಈ ಸಲ ಜನರ ಮನಸ್ಸು ಯಾವ ಕಡೆಗಿದೆ?” ಎಂದು ಕೇಳುವುದುಂಟು. ಆ ಪ್ರಶ್ನೆಯ ಹಿಂದೆ, ತಮ್ಮ ಮನಸ್ಸನ್ನೂ ಆ ಕಡೆಗೇ ತಿರುಗಿಸಿಕೊಳ್ಳಬೇಕೆಂಬ ಆಸೆ ಅಡಗಿರುವುದನ್ನು ಕಂಡಿದ್ದೇನೆ. ಆದಕಾರಣ ಜನಾಭಿಪ್ರಾಯವೆಂಬುದು ಹೇಗೆ ಹುಟ್ಟುವುದು, ಅದನ್ನು ಅಳೆಯುವವರು ಯಾರು ಎಂಬುದನ್ನು ನಮ್ಮ ಕೊಡಗಿನ ಚರಿತ್ರೆಯಿಂದಲೇ ತೆಗೆದು ಅರಿಕೆ ಮಾಡಿಕೊಳ್ಳುತ್ತೇನೆ.

ಹಾಲೇರಿ ವಂಶದ ಕೊನೆಯ ಅರಸರಾದ ಚಿಕ್ಕವೀರರಾಜೇಂದ್ರ ಒಡೆಯರು 1834ರ ಏಪ್ರಿಲಿನಲ್ಲಿ ರಾಜ್ಯವನ್ನು ಕಳೆದುಕೊಂಡರು. ಮೇ 7ರಂದು ಕರ್ನಲ್ ಫ್ರೇಸರನು ಹೊರಡಿಸಿದ ಘೋಷಣೆಯಲ್ಲಿ, ಕುಂಪಣಿಯವರ ಆಶ್ರಯಕ್ಕೆ ಬರಬೇಕೆಂಬುದು ಕೊಡಗಿನ ನಿವಾಸಿಗಳೆಲ್ಲರ ಏಕಕಂಠದ ಇಚ್ಛೆಯೆಂಬ ಅಭಿಪ್ರಾಯದ ಮಾತಿದೆ. ಏಕಕಂಠವಂತೆ! ಕೇಳಿದವನು ದಂಡಿನೊಡನೆ ಬಂದ ಅಧಿಕಾರಿ. ಉತ್ತರ ಕೊಟ್ಟವರು ದಿವಾನರು ಮತ್ತು ನಾಡಿನ ಮುಖಂಡರು. ಅರಸರ ಕ್ರೌರ್ಯದಿಂದ ಬೆಂದವರು ಅವರಲ್ಲಿದ್ದರು. ಅರಸರು ನಮ್ಮ ಮತದವರೆಂಬ ಕಾರಣದಿಂದ ನಾನು ಅದನ್ನು ಮರೆಮಾಚುವುದಿಲ್ಲ. ಆದರೆ ಗದ್ದೆಯಲ್ಲಿದ್ದ ಒಕ್ಕಲನ್ನಾಗಲಿ, ಒಲೆಯ ಮುಂದಿದ್ದ ಹೆಂಗಸನ್ನಾಗಲಿ ಕೇಳುವುದಕ್ಕೆ ಆಗ ಯಾವ ಏರ್ಪಾಡೂ ಇರಲಿಲ್ಲ.

ಮೂರು ವರ್ಷವಾಗುವಷ್ಟರಲ್ಲಿ ಆ ಏಕಕಂಠ ಒಡೆಯಿತು. ಸುಳ್ಯ ಸೀಮೆಯನ್ನು ಕೊಡಗಿನಿಂದ ಬೇರ್ಪಡಿಸಿ ಕನ್ನಡ ಜಿಲ್ಲೆಗೆ ಸೇರಿಸಿದ್ದರು. ಅರಸರ ಕಾಲದಲ್ಲಿ ಧಾನ್ಯರೂಪವಾಗಿ ಸಲ್ಲಿಸುತ್ತಿದ್ದ ಕಂದಾಯವನ್ನು ನಾಣ್ಯದಲ್ಲಿ ಕೊಡಬೇಕಾಯಿತು. 1837ರ ಏಪ್ರಿಲಿನಲ್ಲಿ ರೈತರು ದಂಗೆಯೆದ್ದು ಮಂಗಳೂರನ್ನು ಹೊಕ್ಕರು. ಅವರ ನಾಯಕರಲ್ಲೊಬ್ಬರಾದ ಗುಡ್ಡೆಮನೆ ಅಪ್ಪಯ್ಯಗೌಡರನ್ನು ಅದೇ ವರ್ಷ ಮಡಿಕೇರಿಯಲ್ಲಿ ಗಲ್ಲಿಗೇರಿಸಲಾಯಿತು. ಹಾಗೆಂದು ನಾಡೆಲ್ಲವೂ ದಂಗೆಯ ಕಡೆಗಿತ್ತೆಂದು ಹೇಳಿದರೆ ಅದೂ ಮತ್ತೊಂದು ಘೋಷಣೆಯಾದೀತು. ದಿವಾನರೊಡನೆ ನಿಂತು ದಂಗೆಯನ್ನಡಗಿಸಿದ ಕೊಡಗಿನವರೂ ಇದ್ದರು. ಕುಂಪಣಿಯವರು ಅವರಿಗೆ ಪದಕಗಳನ್ನು ಕೊಟ್ಟರು.

ಹಳೆಯ ಕಾಲದವರನ್ನು ಮಾತ್ರ ದೂರಿ ಮುಂದೆ ಹೋಗುವುದು ಸುಲಭ. ನಾನು ಪಾಠಶಾಲೆಯಲ್ಲಿ ಓದುತ್ತಿದ್ದಾಗ ಒಂದು ಮನವಿಪತ್ರ ನಮ್ಮ ಪಂಕ್ತಿಗೆ ಬಂತು. ಮೇಲೆ ಗುರುಗಳ ಹಸ್ತಾಕ್ಷರ, ಕೆಳಗೆ ಹಿರಿಯ ವಿದ್ಯಾರ್ಥಿಗಳದು. ನಾನು ಓದಲಿಲ್ಲ; ಕೈ ತೊಳೆದು ಬಂದು ಸಹಿ ಹಾಕಿದೆ. ಬಹುದಿನಗಳ ಮೇಲೆ, ಗುರುಗಳೂ ಅದನ್ನು ಓದದೆ ತಂದವರ ದಾಕ್ಷಿಣ್ಯಕ್ಕಾಗಿ ಸಹಿ ಮಾಡಿದ್ದರೆಂದು ಅವರ ಬಾಯಿಂದಲೇ ಕೇಳಿದೆ. ಆ ಪತ್ರವನ್ನು ಕಂಡವರು ನಲವತ್ತು ಜನರ ಅಭಿಪ್ರಾಯವೆಂದು ಎಣಿಸಿರಬೇಕು. ಅಲ್ಲಿದ್ದುದು ಒಬ್ಬನ ಅಭಿಪ್ರಾಯವೂ ನಲವತ್ತು ಜನರ ಮರ್ಯಾದೆಯೂ ಮಾತ್ರ. ಕುರಿಯ ಹಿಂದೆ ಕುರಿ ಹೋಗುವುದನ್ನು ಶಾಸ್ತ್ರದಲ್ಲಿ ಗಡ್ಡರಿಕಾಪ್ರವಾಹವೆಂದು ಓದಿದ್ದ ನಾನೇ ಆ ಹಿಂಡಿನಲ್ಲಿದ್ದೆ.

ಇನ್ನು ಅಳೆಯುವ ವಿಚಾರ. ಅಗುಳೊಂದನ್ನು ಹಿಸುಕಿ ಅನ್ನವೆಲ್ಲ ಬೆಂದಿತೆಂದು ತಿಳಿಯುವ ಸ್ಥಾಲೀಪುಲಾಕ ನ್ಯಾಯವನ್ನು ನೀವೆಲ್ಲ ಬಲ್ಲಿರಿ. ಸ್ವಲ್ಪ ಜನರನ್ನು ಕೇಳಿ ಎಲ್ಲರ ಒಲವನ್ನು ಊಹಿಸುವ ಇಂದಿನ ಸಮೀಕ್ಷೆಗಳಿಗೆ ಇದೇ ಆಧಾರ. ಆದರೆ ಅನ್ನವನ್ನು ಕದಡಿರಬೇಕು. ತಳ ಸೀದು ಮೇಲೆ ಅಕ್ಕಿಯೇ ಉಳಿದಿದ್ದರೆ ಅಗುಳು ಸುಳ್ಳು ಹೇಳುವುದು. 1936ರಲ್ಲಿ ಅಮೆರಿಕದ ‘ಲಿಟರರಿ ಡೈಜೆಸ್ಟ್’ ಎಂಬ ಪತ್ರಿಕೆ 20 ಲಕ್ಷಕ್ಕೂ ಮಿಕ್ಕಿದ ಉತ್ತರಗಳನ್ನು ತರಿಸಿಕೊಂಡು, ಅಧ್ಯಕ್ಷಪದವಿಗೆ ಲ್ಯಾಂಡನ್ ಬರುವನೆಂದು ಸಾರಿತು. ಗೆದ್ದವನು ರೂಸ್‌ವೆಲ್ಟ್, ಅದೂ 48 ಸಂಸ್ಥಾನಗಳಲ್ಲಿ 46ರಲ್ಲಿ. ಟೆಲಿಫೋನು, ಮೋಟಾರು ಉಳ್ಳವರ ಪಟ್ಟಿಗಳಿಂದ ಪತ್ರಿಕೆ ವಿಳಾಸಗಳನ್ನಾಯ್ದಿತ್ತು. ಗ್ಯಾಲಪ್ ಎಂಬವರು ಅದಕ್ಕಿಂತ ಬಹಳ ಕಡಮೆ ಜನರನ್ನು, ಆದರೆ ಎಲ್ಲ ಅಂತಸ್ತಿನವರನ್ನು ಕೇಳಿ, ಗೆಲ್ಲುವವನನ್ನು ಸರಿಯಾಗಿ ಹೇಳಿದರು. ಮಡಿಕೇರಿಯ ಕಾಫಿ ವರ್ತಕರನ್ನು ಕೇಳಿ ಲೈನ್‌ಮನೆಯ ಕೂಲಿಯವನ ಮನಸ್ಸನ್ನು ಹೇಳಹೊರಟರೆ ನಮಗೂ ಆ ಪತ್ರಿಕೆಯ ಗತಿಯೇ.

ಮತಪೆಟ್ಟಿಗೆಯಾದರೋ ಎಲ್ಲರನ್ನೂ ಕೇಳುವುದು. ಅದರ ಹಿರಿಮೆ ದೊಡ್ಡದು. ಆದರೂ ಅದು ಕೇಳುವ ಪ್ರಶ್ನೆಯೇನು? ಕೊಡಗು ‘ಸಿ’ ಭಾಗದ ಪ್ರತ್ಯೇಕ ರಾಜ್ಯವಾಗಿದ್ದ 1952ರಲ್ಲಿ ಇಲ್ಲಿಯ ವಿಧಾನಸಭೆಗೆ 24 ಸ್ಥಾನಗಳಿದ್ದುವು. ಸಿ. ಎಂ. ಪೂಣಚ್ಚನವರು ಮುಂದಾಳಾಗಿದ್ದ ಕಾಂಗ್ರೆಸ್ಸಿಗೆ 15. ಮೈಸೂರಿನೊಡನೆ ವಿಲೀನವನ್ನು ವಿರೋಧಿಸಿದ ಪಂದ್ಯಂಡ ಬೆಳ್ಯಪ್ಪನವರ ಪಕ್ಷಕ್ಕೆ 9. ಇವರದನ್ನು ಜನರು ತಕ್ಕಡಿ ಪಕ್ಷವೆಂದೇ ಕರೆದರು. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದಲ್ಲಿ ಸೇರಿತು. ಅದೊಂದೇ ಪ್ರಶ್ನೆಯನ್ನು ಮುಂದಿಟ್ಟು ಜನಮತವನ್ನು ತೆಗೆದುಕೊಳ್ಳಲಿಲ್ಲ. ಕನ್ನಡಿಗನಾಗಿ ನಾನು ವಿಲೀನವನ್ನು ಮೆಚ್ಚುವವನೇ. ಆದರೆ ಕಾಂಗ್ರೆಸ್ಸಿಗೆ ಮತ ಕೊಟ್ಟವರೆಲ್ಲರೂ ಮೈಸೂರಿಗಾಗಿ ಕೊಟ್ಟರೆಂದು ಹೇಗೆ ಹೇಳಲಿ? ಗಾಂಧಿಯವರ ಹೆಸರಿಗೆ ಕೊಟ್ಟವರಿಲ್ಲವೇ, ಊರಿನ ಅಭ್ಯರ್ಥಿಯ ಮುಖ ನೋಡಿ ಕೊಟ್ಟವರಿಲ್ಲವೇ? ತಕ್ಕಡಿಗೆ ಕೊಟ್ಟವರಲ್ಲಿ, ಚಿಕ್ಕ ನಾಡು ದೊಡ್ಡದರಲ್ಲಿ ಕಾಣದೆ ಹೋದೀತೆಂದು ಹೆದರಿದವರಿಲ್ಲವೇ? ಚೀಟಿಯ ಮೇಲೆ ಕಾರಣವನ್ನು ಬರೆಯುವಂತಿಲ್ಲ.

ಆಗ ಮತ ಕೊಡಲು 21 ವರ್ಷ ತುಂಬಿರಬೇಕಾಗಿತ್ತು. ಅಂಥವರಿಗೆ ಈಗ ತೊಂಬತ್ತು ದಾಟಿದೆ. ನಿಮ್ಮ ಮನೆಗಳಲ್ಲಿ ಅಂತಹ ಅಜ್ಜನೋ ಅಜ್ಜಿಯೋ ಇದ್ದರೆ, ಯಾರಿಗೆ ಕೊಟ್ಟಿರೆಂದು ಕೇಳಬೇಡಿರಿ, ಅದು ಗುಟ್ಟಿನ ಮಾತು. ಏತಕ್ಕಾಗಿ ಕೊಟ್ಟಿರಿ, ಯಾರು ಹೇಳಿದ್ದರು ಎಂದು ಕೇಳಿರಿ. ಅವರು ನುಡಿದಂತೆಯೇ, ತಿದ್ದದೆ ಬರೆದು ತಂದರೆ ಮಠದ ಪುಸ್ತಕಭಂಡಾರದಲ್ಲಿ ಇಡಿಸುತ್ತೇನೆ. ಇಬ್ಬರು ಹಿರಿಯರ ಮಾತನ್ನು ನಾನಾಗಲೇ ಬರೆದುಕೊಂಡಿದ್ದೇನೆ. ಒಂದಕ್ಕೊಂದು ಸ್ವಲ್ಪವೂ ಹೊಂದುವುದಿಲ್ಲ.