ಬೆಂಕಿಪುರದ ಕುಲುಮೆ



ಭದ್ರಾ ನದಿಯ ದಡದಲ್ಲಿ ಹಿಂದೆ ಬೆಂಕಿಪುರವೆಂಬ ಪುಟ್ಟ ಊರೊಂದಿತ್ತು. ಅದೇ ಇಂದಿನ ಭದ್ರಾವತಿ. ಆ ಹಳೆಯ ಹೆಸರಿಗೆ ಅನ್ವರ್ಥವಾದ ಕುಲುಮೆ ಅಲ್ಲಿ ಹೊತ್ತಿಕೊಂಡದ್ದು 1923ರಲ್ಲಿ.

ಅದರ ಹಿಂದಿದ್ದ ಮೈಸೂರು ಸಂಸ್ಥಾನದ ಕೈಗಾರಿಕಾ ನೀತಿಯ ಮೂಲವನ್ನು ಅರಸುವವರು ಇನ್ನೂ ಹಿಂದಕ್ಕೆ, ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದ 1902ಕ್ಕೆ, ಹೋಗಬೇಕಾದೀತು. ಆದರೆ ಉದ್ಯಮಸ್ಥಾಪನೆಯನ್ನು ರಾಜ್ಯಧರ್ಮದ ಒಂದು ಅಂಗವೆಂದೇ ಬಗೆದು, 1913ರಲ್ಲಿ ಬ್ಯಾಂಕನ್ನೂ 1916ರಲ್ಲಿ ಗಂಧದೆಣ್ಣೆಯ ಕಾರ್ಖಾನೆಯನ್ನೂ 1917ರಲ್ಲಿ ಇಂಜಿನಿಯರಿಂಗ್ ಕಾಲೇಜನ್ನೂ ಸ್ಥಾಪಿಸಿದವರು ದಿವಾನ್ ವಿಶ್ವೇಶ್ವರಯ್ಯನವರು. ಕಬ್ಬಿಣದ ಕಾರ್ಖಾನೆಯ ಸಂಕಲ್ಪವೂ ಅವರದೇ. ಸಂಸ್ಥಾನದಲ್ಲಿ ಕಲ್ಲಿದ್ದಲಿರಲಿಲ್ಲ, ಆದುದರಿಂದ ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಮರದ ಇದ್ದಿಲಿನಿಂದ ಕರಗಿಸಿ, ಇದ್ದಿಲು ಸುಡುವಾಗ ಹೊಮ್ಮುವ ಹೊಗೆಯನ್ನೂ ವ್ಯರ್ಥಗೊಳಿಸದೆ ಅದರಿಂದ ಟಾರು, ಮದ್ಯಸಾರಗಳನ್ನು ಬಟ್ಟಿಯಿಳಿಸುವ ಮಿತವ್ಯಯದ ಯೋಜನೆ ಸಿದ್ಧವಾಯಿತು. ಲೆಕ್ಕವೇನೋ ಚೊಕ್ಕವಾಗಿಯೇ ಇತ್ತು. ಮೊದಲ ಮಹಾಯುದ್ಧಾನಂತರ ಕಬ್ಬಿಣದ ಬೆಲೆ ಕುಸಿದು ಆ ಲೆಕ್ಕ ತಲೆಕೆಳಗಾದಾಗ, ದಿವಾನಗಿರಿಯನ್ನು ಬಿಟ್ಟಿದ್ದ ವಿಶ್ವೇಶ್ವರಯ್ಯನವರೇ ಮರಳಿ ಬಂದು, 1929ರವರೆಗೆ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದು, ತಾವು ಹೊತ್ತಿಸಿದ ಬೆಂಕಿಯನ್ನು ತಾವೇ ಕಾಯಬೇಕಾಯಿತು.

ಮುಂದೆ 1936ರಲ್ಲಿ ಉಕ್ಕು ಬಂದಿತು. ಅದೇ ವರ್ಷ ಕಾಗದದ ಕಾರ್ಖಾನೆ, ಬಳಿಕ ಸಿಮೆಂಟು. ನ್ಯೂಟೌನು, ಪೇಪರ್ ಟೌನುಗಳು ಹುಟ್ಟಿದುವು. ಕನ್ನಡಿಗರೊಡನೆ ತಮಿಳರೂ ಬಂದು ಅಲ್ಲಿಯವರೇ ಆದರು. ಅಂಗಡಿಯವನ ಉದ್ರಿಯೂ ಮನೆಯವರ ಮದುವೆಯ ಲಗ್ನವೂ ಕಾರ್ಖಾನೆಯ ಸಂಬಳವನ್ನು ನೋಡಿಕೊಂಡೇ ನಿಶ್ಚಯವಾಗುವಂಥ ಊರು ಅದಾಯಿತು.

ನೀತಿಯ ದೋಷ, ನನ್ನ ಮಟ್ಟಿಗೆ, ಇಲ್ಲಿಯೇ ಇದೆ. ಒಲೆಗಳೇನೋ ಹಲವಾದುವು, ಆದರೆ ಅವು ನೆಚ್ಚಿದ್ದು ಸುತ್ತಲಿನ ಅದೇ ಕಾಡನ್ನು, ಸರಕಾರದ ಅದೇ ಬೊಕ್ಕಸವನ್ನು. ಅದೇ ದಿವಾನರು ಬೆಂಗಳೂರಿಗೆ ಕೊಟ್ಟ ಕಾಲೇಜಿಗಾದರೋ ಯಾವೊಂದು ಕುಲುಮೆಯ ಹಂಗೂ ಇರಲಿಲ್ಲ. ಅಲ್ಲಿ ಕಲಿತವರು ಒಂದು ಬಾಗಿಲು ಮುಚ್ಚಿದರೆ ಇನ್ನೊಂದನ್ನು ತಟ್ಟಬಲ್ಲವರಾಗಿದ್ದರು. ಭದ್ರಾವತಿಯ ಕಾರ್ಮಿಕನಿಗೆ ತಟ್ಟಲು ಇದ್ದದ್ದು ಒಂದೇ ಬಾಗಿಲು. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿದಾಗ ಆ ಗಣಿಯೂರಾದ ಕೆ.ಜಿ.ಎಫ್.ನವರು ನಿತ್ಯವೂ ಬೆಂಗಳೂರಿನ ರೈಲು ಹಿಡಿಯುವಂತಾದುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

1998ರಲ್ಲಿ ಉಕ್ಕಿನ ಕಾರ್ಖಾನೆ ಕೇಂದ್ರ ಸರಕಾರದ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಗಿ, ತೀರ್ಮಾನದ ಪೀಠ ಮೈಸೂರು ಸೀಮೆಯಿಂದ ದೆಹಲಿಗೆ ಹೋಯಿತು. ಕಾಗದದ ಕಾರ್ಖಾನೆಯ ಯಂತ್ರಗಳೂ ಕಾಲಕ್ರಮದಲ್ಲಿ ನಿಂತುವು. 2023ರ ಜನವರಿಯಲ್ಲಿ, ಮೊದಲ ಕಬ್ಬಿಣ ಕರಗಿ ನೂರು ವರ್ಷ ತುಂಬಿದ ಹೊತ್ತಿಗೆ ಸರಿಯಾಗಿ, ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಹೊರಬಿದ್ದಿತು, ಊರು ಬೀದಿಗಿಳಿಯಿತು, ಆಗಸ್ಟಿನಲ್ಲಿ ಕೆಲವು ರೋಲಿಂಗ್ ಮಿಲ್ಲುಗಳು ಮತ್ತೆ ತಿರುಗಿದುವು.